ಅಳತೆಯ ವಹಿ

ಶುಕ್ರವಾರ ಪೇಟೆಯ ಓಣಿಯಲ್ಲಿ ಆರಡಿ ಅಂಗಡಿ,
ಒಂದು ಮಿಷನ್ನು, ಕೊರಳಲ್ಲಿ ಟೇಪು.
ಮೂವತ್ತೊಂದು ವರ್ಷದಿಂದ ಪುಣೆಯ ಸೊಂಟಗಳ ಗುಟ್ಟು
ನನ್ನ ವಹಿಯಲ್ಲಿದೆ.
ಪೆಂಡ್ಸೆ ವಕೀಲರು ಉಸಿರು ಬಿಗಿಹಿಡಿದರೆ ಮೂವತ್ತಾರು,
ಬಿಟ್ಟರೆ ನಲವತ್ತು.
ಮೂವತ್ತಾರೆಂದು ಬರೆಯುತ್ತೇನೆ, ನಲವತ್ತಕ್ಕೆ ಕತ್ತರಿ ಹಾಕುತ್ತೇನೆ.
ಇಬ್ಬರೂ ಸುಖಿಗಳು.

ನನ್ನ ಹೆಸರಿನ ಪುಟ ಮಾತ್ರ ಇಲ್ಲ.

ನನ್ನ ಪ್ಯಾಂಟಿನ ಹಿಂದೆ, ಒಳಹೊಲಿಗೆಯಲ್ಲಿ,
ಮೂರು ಬೆರಳು ಬಟ್ಟೆ ಮಡಚಿಟ್ಟಿರುತ್ತೇನೆ.
ಗಣಪತಿ ಹಬ್ಬಕ್ಕೆ ಒಂದು ಬೆರಳು ಬಿಡಿಸು,
ದೀಪಾವಳಿಗೆ ಇನ್ನೊಂದು.
ಬ್ಲೇಡಿನ ತುದಿಗೆ ಹಳೆಯ ನೂಲು ಟಕ್ ಟಕ್ಕೆಂದು ಹರಿಯುತ್ತದೆ,
ಪಕ್ಕದ ಅಂಗಡಿಗೂ ಕೇಳಿಸದು.
ಈ ಆಷಾಢದಲ್ಲಿ ತಿರುಗಿಸಿ ನೋಡಿದೆ:
ಬಿಡಿಸಲು ಬಟ್ಟೆಯೇ ಉಳಿದಿಲ್ಲ.

ಕರಂದೀಕರ ಡಾಕ್ಟರಬಾಯಿ
ಸಕ್ಕರೆಯ ಅಂಕಿಯ ಕೆಳಗೆ ಎರಡು ಸಲ ಗೀಟೆಳೆದರು.
"ಪರ್ವತಿ ಗುಡ್ಡ ಹತ್ತಿರವೇ ಇದೆಯಲ್ಲ ಮಾಸ್ತರ್, ಹತ್ತಿ."
ಹ್ಞೂಂ ಅಂದೆ, ಸೋಮವಾರದಿಂದ.

ಯಾವ ಸೋಮವಾರ?
ಇಂಡಿಯ ನಮ್ಮ ಮನೆಯ ಕದಕ್ಕೆ
ಅಜ್ಜಿ ಇದ್ದಿಲಲ್ಲಿ ಬರೆಯುತ್ತಿದ್ದಳು: ನಾಳೆ ಬಾ.
ರಾತ್ರಿ ಬಂದ ದೆವ್ವ, ಪಾಪ ಸಾಲಿ ಕಲಿತ ದೆವ್ವ,
ಓದಿಕೊಂಡು ಮರಳಿ ಹೋಗುತ್ತಿತ್ತು.
ಮರುರಾತ್ರಿ ಅದೇ ಕದ, ಅದೇ ಅಕ್ಷರ.
ಗಿರಾಕಿಗಳಿಗೆ ಹೇಳಲು ನಾನು ಕಲಿತದ್ದೂ ಅದೊಂದೇ ಮಂತ್ರ:
ಕಾಜಾ ಬಾಕಿ ಇದೆ, ನಾಳೆ ಬನ್ನಿ.
ನನ್ನ ಕದಕ್ಕೂ ನಾನೇ ಬರೆದುಕೊಂಡಿದ್ದೆ.
ಹೊರಗೆ ನಿಂತು ಬಡಿಯುತ್ತಿದ್ದುದು ದೆವ್ವವಲ್ಲ,
ನನ್ನವೇ ಎರಡು ಕಾಲು
ಎಂದು ತಿಳಿಯುವಷ್ಟರಲ್ಲಿ ಐವತ್ತೆರಡು ತುಂಬಿತ್ತು.

ಅಪ್ಪನಿಗೆ ಐವತ್ತೈದಕ್ಕೆ ಬಲಗಾಲು ತೆಗೆದರು.
ಆಮೇಲೂ ಮಿಷನ್ನು ತುಳಿದ, ಎಡಗಾಲೊಂದರಲ್ಲೇ,
ಹೊಲಿಗೆ ಕುಂಟುತ್ತಿತ್ತು.
"ನಮ್ಮ ಮನಿತನಾನ ಹಿಂಗ" ಅನ್ನುತ್ತಿದ್ದ.
ಈ ಮಾತಿನಷ್ಟು ಮೆತ್ತಗಿನ ದಿಂಬು
ನಾನು ಇನ್ನೊಂದು ಕಂಡಿಲ್ಲ.

ಕೊನೆಗೆ ಹೋದದ್ದು ಒಂದು ಬುಧವಾರ,
ಸೋಮವಾರಕ್ಕೆ ಹೇಳದೆ.
ಆನೆಯ ಹೆಜ್ಜೆಗೆ ಅಳತೆ ಹಿಡಿದಂಥ ಮೆಟ್ಟಿಲು,
ನನ್ನ ಒಂದೂವರೆ ಹೆಜ್ಜೆಗೆ ಒಂದು.
ನಲವತ್ತಕ್ಕೆ ಕೂತುಬಿಟ್ಟೆ.
ಒಂಬತ್ತು ಗಜದ ಸೀರೆ, ಕ್ಯಾನ್ವಾಸ್ ಬೂಟಿನ ಅಜ್ಜಿಯೊಬ್ಬಳು
"ದಮಲಾತ್ ಕಾ?" ಎಂದು ಕೇಳಿ
ಉತ್ತರಕ್ಕೆ ಕಾಯದೆ ಹತ್ತಿಹೋದಳು.
ಮೇಲಿನಿಂದ ಇಳಿದು ಬಂದವರು ಪೆಂಡ್ಸೆ ವಕೀಲರು.

ನಾನು ಹೊಟ್ಟೆ ಒಳಗೆಳೆದೆ.
ಅವರೂ ಎಳೆದರು.
ಇಬ್ಬರು ಮುದುಕರು ಎಷ್ಟು ಹೊತ್ತು ಉಸಿರು ಹಿಡಿದಾರು?
ಮೊದಲು ಬಿಟ್ಟವರು ಅವರೇ,
ನಗೆಯೋ ಕೆಮ್ಮೋ ತಿಳಿಯಲಿಲ್ಲ.
"ತುದಿ ಮುಟ್ಟಿಲ್ಲ ಮಾಸ್ತರ್, ಅರವತ್ತಕ್ಕೇ ಮರಳಿದೆ.
ಯಾರಿಗೂ ಹೇಳಬೇಡಿ."

ಅಂಗಡಿಯಲ್ಲಿ ಚಹಾದ ಹುಡುಗನಿಗೆ
ಸಕ್ಕರೆ ಬೇಡ ಎನ್ನಲು ಬಾಯಿ ಬರಲಿಲ್ಲ.
ಅರ್ಧ ಕುಡಿದು ಇಟ್ಟೆ.
ಶಟರ್ ಅರ್ಧ ಎಳೆದು ಟೇಪನ್ನು ನನಗೇ ಸುತ್ತಿದೆ.
ಊರಿನವರ ಅಳತೆ ಸಲೀಸು;
ತನ್ನದಕ್ಕೆ ಬಗ್ಗಿದರೆ ಟೇಪು ಸುಳ್ಳಾಡುತ್ತದೆ,
ನೆಟ್ಟಗೆ ನಿಂತರೆ ಅಂಕಿ ಕಾಣುವುದಿಲ್ಲ.
ಬೆರಳಲ್ಲಿ ಗುರುತು ಹಿಡಿದು, ಉಸಿರು ಬಿಟ್ಟೇ, ಓದಿದೆ:
ನಲವತ್ತಮೂರೂವರೆ.

ಹೊಸ ಪುಟ.
ಹೆಸರು: ದಿಗಂಬರ ಮಹೇಂದ್ರಕರ.
(ದರ್ಜಿಯ ಮಗನಿಗೆ ಇಟ್ಟ ಹೆಸರು ನೋಡಿ.)
ಸೊಂಟ: ಇದ್ದದ್ದು ಇದ್ದಂತೆ.
ಕೊಡುವ ದಿನ ಎಂಬಲ್ಲಿ ಕೈ ರೂಢಿಯಂತೆ
"ನಾ" ಎಂದು ಬರೆದು ತಡೆಯಿತು.
ಹೊಡೆದುಹಾಕಲಿಲ್ಲ.
ಮುಂದೆ "ನು" ಸೇರಿಸಿದೆ.

ಗುರುವಾರ ಜೋರು ಮಳೆ. ಹೋಗಲಿಲ್ಲ.
ಮಳೆ ಅಷ್ಟೇನೂ ಜೋರಿರಲಿಲ್ಲ.
ಶುಕ್ರವಾರ, ನಲವತ್ತಮೂರು ಮೆಟ್ಟಿಲು.
ಪೆಂಡ್ಸೆಯವರ ಪ್ಯಾಂಟು ಇನ್ನೂ ಮಿಷನ್ನಿನ ಮೇಲೇ ಇದೆ.
ಕಾಜಾ ಬಾಕಿ.