ಇಲ್ಲ, ಆದರ

ರಾತ್ರಿ ಒಂದೂವರಿ. ದವಾಖಾನಿ ಎದುರಿನ ಮೆಡಿಕಲ್ಲಿನಾಗ
ಟ್ಯೂಬಲೈಟು, ಫ್ರಿಜ್ಜು, ನಾನು.
ಬಿಲ್ ಬುಕ್ಕಿನ ಹಿಂಬದಿಗಿ ನೌಬಾದಿನ ಕರೇಜ್ ಬರೀಲತ್ತೀನಿ:
ನೆಲದ ಕೆಳಗ ಉದ್ದಕ ಒಂದು ಗೀಟು,
ಗೀಟಿನ ಮ್ಯಾಲ ಬಾವಿಗಳ ಬಾಯಿ.
ಖರೇ ಎಷ್ಟವೋ, ನನ್ನ ಹಾಳಿಗಿ ಒಂಬತ್ತೇ ಹಿಡದವು.

ಒಬ್ಬನೇ ಆಡೋ ಆಟ ಇದು.
ಕಥಿ ಹೇಳಾಂವನೂ ನಾನೇ, ಹೂಂ ಅನ್ನಾಂವನೂ ನಾನೇ.
ಮೂರು ವಾರ ಆತು, ಇನ್ನಾ ಶುರು ಮಾಡಿಲ್ಲ.

ಮೊದಲ ತಾರಾಬಿನ ಮಾಡಿದೆ.
ಕರೇಜಿನ ಹೂಳು ತೆಗಿಯಾಕಿ.
ಧೈರ್ಯ ಹನ್ನೊಂದು, ತಾಕತ್ತು ಎಂಟು,
ಎಡಗಿವಿ ಕೇಳಂಗಿಲ್ಲ.
ಸಾಮಾನು: ಸಲಿಕಿ, ಹತ್ತು ಮೊಳ ಹಗ್ಗ,
ನಾಕು ಜ್ವಾಳದ ರೊಟ್ಟಿ,
ಲಾಟೀನಿಗಿ ಎಣ್ಣಿ ಆರು ಅಳತಿ.
ಒಂದು ಬಾವಿ ದಾಟಿದರ ಒಂದು ಅಳತಿ ಖರ್ಚು.
ಬಾವಿ ಒಂಬತ್ತು, ಎಣ್ಣಿ ಆರು.
ಲೆಕ್ಕ ನೋಡಕೋತ ಜರಾ ಹೊತ್ತು ಕುಂತೆ.
ಏಳು ಮಾಡಲೇನು ಅನಸ್ತು. ಮಾಡಲಿಲ್ಲ.

ನಮ್ಮ ಸೋದರತ್ತಿ ಭೀಮಬಾಯಿ
ಮಾಳಗಿ ಮ್ಯಾಲ ಮೆಣಸಿನಕಾಯಿ ಕಾಯ್ಕೋತ
ಒಬ್ಬಾಕೇ ಚೌಕಾಬಾರ ಆಡತಿದ್ದಳು, ನಾಕೂ ಮನಿ ಆಕಿವೇ.
ತನ್ನ ಕಾಯಿ ತಾನೇ ಕಡದು ‘ಅಯ್ಯ ಪಾಪ’ ಅಂತಿದ್ದಳು,
ಆದರ ಬಿದ್ದ ಕವಡಿ ಎಂದೂ ತಿರುವಿ ಇಡಲಿಲ್ಲ.

ದಾಳ ಬಿದರಿದು. ಮೊಯಿನುದ್ದೀನ್ ಚಾಚಾ
ಒಡದ ಹೂಜಿಯ ತುಂಡಿನಾಗ ಮಾಡಿಕೊಟ್ಟದ್ದು,
ಕಿಲ್ಲಾದ ಮಣ್ಣಿನಾಗ ಕರ್ರಗಾದದ್ದು, ಬೆಳ್ಳಿ ಚುಕ್ಕಿ.
ಚಂದ ಅದ. ಸುಳ್ಳೂ ಅದ:
ಆರರ ಬದಿಗಿ ಬೆಳ್ಳಿ ಜಾಸ್ತಿ, ಅದು ತಳಕ್ಕ ಕೂಡತದ,
ಒಂದು ಮ್ಯಾಲ ಬರತದ.
ನೂರು ಸಲ ಒಗದು ಬರದಿಟ್ಟೀನಿ,
ಒಂದು ಇಪ್ಪತ್ತೇಳು ಸಲ, ಆರು ಒಂಬತ್ತು.
ಚಾಚಾಗ ಹೇಳಿದರ ನಕ್ಕ:
‘ಬೆಳ್ಳಿ ಇದ್ದಾಂವ ಕೆಳಗ ಕುಂಡ್ರಲಿ ಬಿಡು, ಒಂದು ಆಟದಾಗರೆ.’

ಒಂದು ಬಿದ್ದರ ಸಾವು ಅಂತ ಬರದಿದ್ದೆ.
ಹೊಡದು ಹಾಕಿ, ದಾರಿ ತಪ್ಪತದ ಅಂತ ಬರದೆ.

ನಾನು ಕೇಳಬೇಕು, ದಾಳ ಹೇಳಬೇಕು.
ಒಂದಕ್ಕ: ಇಲ್ಲ.
ಎರಡು ಮೂರಕ್ಕ: ಇಲ್ಲ, ಆದರ.
ನಾಕು ಐದಕ್ಕ: ಹೌದು, ಆದರ.
ಆರು ಬಿದ್ದರ ಹೌದು, ಸುಮ್ಕ ಹೋಗು.

ತ್ರಾಸು ಎಲ್ಲಿ ಅಂದರ,
ಐದನೇ ಬಾವ್ಯಾಗ ಏನದ ಅಂತ ನಾನೇ ಬರದರ
ತಾರಾಬಿ ಯಾತಕ್ಕ ಅಂಜಬೇಕು?
ಹಾವು ಬರದೆ, ಹೊಡದೆ.
ಬಾದಶಹನ ಖಜಾನಿ ಬರದೆ, ಸಿನಿಮಾ ಆತು, ಹೊಡದೆ.
ಈಗ ಐದರ ಎದುರಿಗಿ ಖಾಲಿ.
ಖಾಲಿ ಬಿಡಲಾಕೇ ಮೂರು ವಾರ ಹಿಡೀತು.

ಎರಡು ಹತ್ತಕ್ಕ ಒಬ್ಬಾಂವ ಬಂದ,
ಎರಡೂ ಕಾಲಿಗಿ ಬ್ಯಾರೆ ಬ್ಯಾರೆ ಚಪ್ಪಲಿ.
ಚೀಟಿ ಹಿಡದ. ‘ಔರಾದ ಕಡಿಂದ ಬಂದೀವ್ರಿ, ತಂಗಿಗಿ.’
ಮೂರು ಕಪಾಟು ನೋಡಿದೆ.
‘ಇಲ್ಲ’ ಅಂದೆ.
ಅವನ ಮಾರಿ ನೋಡಿ
‘ಆದರ’ ಅಂದೆ, ‘ಬಸ್‌ಸ್ಟ್ಯಾಂಡಿನ ಬಾಜೂಕ ವೈಜನಾಥನ ಅಂಗಡಿ,
ಶಟರ ಬಡೀರಿ, ಮ್ಯಾಲೇ ಮಲಗಿರತಾನ, ಜೋರಲೆ ಬಡೀರಿ.’
ಫೋನೂ ಹಚ್ಚಿದೆ. ವೈಜನಾಥ ಎತ್ತಲಿಲ್ಲ.
ಅಂವ ಓಡಿದ. ಒಂದೇ ಚಪ್ಪಲಿ ಸಪ್ಪಳ ಮಾಡತಿತ್ತು.

ಸಿಕ್ಕಿತೋ ಇಲ್ಲೋ. ಅದಕ್ಕ ದಾಳ ಒಗಿಲಿಲ್ಲ.

ಮೂರರ ಸುಮಾರಿಗಿ ತಾರಾಬಿನ ಮೊದಲನೇ ಬಾವಿ ಅಂಚಿಗಿ ನಿಲ್ಲಿಸಿ
ಒಂದು ಪ್ರಶ್ನಿ ಬರದೆ:
ಕೆಳಗ ನೀರು ಅದ ಏನು?
ಒಗದೆ. ಕೌಂಟರಿಗಿ ಬಡದು, ಪುಟದು,
ಇನ್ಸುಲಿನ್ ಫ್ರಿಜ್ಜಿನ ಕೆಳಗ ಹೋತು.

ಹೊಟ್ಟಿ ಮ್ಯಾಲ ಮಲಕೊಂಡು ಮೊಬೈಲಿನ ಬೆಳಕು ಬಿಟ್ಟೆ.
ಧೂಳು. ಒಂದು ಕ್ಯಾಪ್ಸೂಲು. ಯಾರದೋ ಐದು ರೂಪಾಯಿ.
ಭಾಳ ಒಳಗ ಅದು, ಕರ್ರಗ,
ಯಾವ ಬದಿ ಮ್ಯಾಲ ಅದ ಕಾಣವಲ್ದು.
ಮೊಣಕೈ ತನಕ ಕೈ ಚಾಚಿದೆ.
ಬೆರಳಿಗಿ ಥಂಡಿ ಹತ್ತಿತು:
ಫ್ರಿಜ್ಜಿನ ಹಿಂದಿಂದ, ಗೋಡಿ ಗುಂಟ, ಸಣ್ಣಗ
ನೀರು ಹರದದ.