ಇಪ್ಪತ್ನಾಲ್ಕು ತಾಸಿನ ಕ್ಯಾನು

ಶಹಾಪುರದ ಬಸ್ಸಿನಾಗ ಮಶಾಕಸಾಬ
ತೊಡಿ ಮ್ಯಾಲ ಇಟಗೊಂಡು ತಂದ ಕ್ಯಾನು.
ಕಂಡಕ್ಟರ್ ಕೇಳಿದನಂತ: ಏನದು, ಕುಸುಬಿ ಎಣ್ಣಿ?
ಹೂಂ ಅಂದನಂತ.
ಲಗೇಜು ಹತ್ತು ರೂಪಾಯಿ.

ಒಂದು ಹಗಲು, ಒಂದು ರಾತ್ರಿ ಹಿಡಿದದ್ದು.
ಅಳಿಯೋದು, ಹೆಸರು ಹಚ್ಚೋದು,
ಕಲಬುರಗಿಯ ಈ ಲ್ಯಾಬಿನಾಗ
ನನ್ನ ಕೆಲಸ ಇಷ್ಟ.

ಆರು ವರ್ಷ ಬೋರಿನ ಕಲ್ಲು ಕೊಯ್ದಾನ,
ಒಣ ಗರಗಸ, ಬಾಯಿಗೆ ಒಂದು ವಸ್ತ್ರ.
ರಕ್ತಕ್ಕಿಳಿದ ಯುರೇನಿಯಂ
ಬಹಳಷ್ಟು ಅವತ್ತೇ ಮೂತ್ರಪಿಂಡ ದಾಟ್ತದ,
ದಾಟುವಾಗ ಅದನ್ನ ಪರಚಿ ಹೋಗ್ತದ.
ಉಳಿದದ್ದು ಎಲುಬಿನ ಬಾಗಿಲು ಬಡೀತದ.
ಎಲುಬಿಗೆ ಗುರ್ತಾಗಂಗಿಲ್ಲ,
ಸುಣ್ಣ ಬಂತಂತ ಒಳಗ ಕರೀತದ.
ಸುಣ್ಣಗಲ್ಲಿನ ಸೀಮ್ಯಾಗ ಬೆಳೆದ ಎಲುಬು,
ಅದರದೇನು ತಪ್ಪು?

ಡಾಕ್ಟರು ಸೋಡಾ ಬರದಾರ.
ಮಿರ್ಚಿ ಭಜಿಗಿ ಹಾಕ್ತಾರಲ್ಲ, ಅದಾ? ಅಂದ.
ಅದೇ ಸೋಡಾ. ರಕ್ತದಾಗಿಂದು ಹಿಡಕೊಂಡು ಹೊರಗ ತರ್ತದ.
ಎಲುಬಿನಾಗಿಂದು?

ರಜಿಸ್ಟರ್ ತೆಗೆದೆ.
ಎರಡು ಲೀಟರ್, ನೂರಾ ನಲವತ್ತು.
ಅದಕ್ಕಷ್ಟೇ ಕಾಲಂ ಅದ.

ಕ್ಯಾನು ತೊಳೆದು ಕೊಡ್ಲಾಕ ಹೋದೆ.
ಕೈ ಹಿಂದ ತಗೊಂಡ:
ಬ್ಯಾಡವ್ವಾ, ಇಲ್ಲೇ ಇರಲಿ.
ಮನ್ಯಾಗ ಹುಡುಗರು
ನೀರು ತುಂಬತಾವ.