ಮಟ್ಟದ ಕೋಲು

ಸರೋವರ ಎಲ್ಲಿ ಅಂತ ಕೇಳಿದಿರಿ.
ಸೈಕಲ್ಲು ಆ ಬೇಲಿಗೆ ಒರಗಿಸಿ.
ನೇರ ದಾರಿ ಒಂದಿದೆ, ಅದನ್ನು ನಾನು ಹೇಳುವುದಿಲ್ಲ.

ಮೊದಲು ಪೇಟೆ ಹಾಯಬೇಕು.
ಏಳು ನೂರು ವರ್ಷದ ಕೋಟೆಗೋಡೆ,
ಗೋಡೆಗೆ ಬೆನ್ನು ಕೊಟ್ಟು ಕೂತ ಮರದ ಚೌಕಟ್ಟಿನ ಮನೆಗಳು,
ಒಂದರ ತೊಲೆಯೂ ನೆಟ್ಟಗಿಲ್ಲ.
ಸಂತೆಚೌಕದ ಗಡಿಯಾರ ಐದು ನಿಮಿಷ ಮುಂದು;
ತಿದ್ದುವುದಿಲ್ಲ ಯಾರೂ, ರೈಲು ಹಿಡಿಯುವವರಿಗೆ ಒಳ್ಳೆಯದು.
ಟ್ರೌಟೆಯ ಬೇಕರಿಯಲ್ಲಿ ಈರುಳ್ಳಿ ರೊಟ್ಟಿ ಕೇಳಿ.
ಅಕ್ಟೋಬರಲ್ಲವೆ, ಜೊತೆಗೆ ಇನ್ನೂ ಹುದುಗುತ್ತಿರುವ ವೈನು,
ಬಗ್ಗಡ, ಸಿಹಿ, ಗ್ಲಾಸಿನಲ್ಲೇ ಪಿಸುಗುಡುವುದು.
ಎರಡು ತುಂಡು ತಿನ್ನಿ. ಮೂರನೆಯದು ಕಟ್ಟಿಸಿಕೊಳ್ಳಿ.

ಆಮೇಲೆ ಮೆಟ್ಟಿಲು. ದ್ರಾಕ್ಷಿಯ ಸಾಲು ಸಾಲಿನ ನಡುವೆ
ಮೊಣಕಾಲಿನ ಲೆಕ್ಕಕ್ಕೆ ಮುನ್ನೂರು, ನಿಜಕ್ಕೆ ಅಷ್ಟಿಲ್ಲ.
ಮೇಲೆ ಮಠ.
ಮಠದಲ್ಲಿ ಸನ್ಯಾಸಿಗಳಿಲ್ಲ. ಸೂರೂ ಅರ್ಧವೇ.
ಬೀಗದ ಕೈ ಗುಡ್‌ರುನ್ ಹತ್ತಿರ:
ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು,
ದೇವರನ್ನು ಒಂದು ದಿನಕ್ಕೂ ನಂಬದವಳು,
ಸಂಜೆ ಆರರ ಗಂಟೆಯನ್ನು ಒಂದು ದಿನಕ್ಕೂ ತಪ್ಪಿಸದವಳು.
ಆ ಮೂರನೆಯ ತುಂಡು ಅವಳಿಗೆ.
ತಿನ್ನುತ್ತಲೇ ತೋರಿಸುತ್ತಾಳೆ:
ಬಿಳಿ ನಿಲುವಂಗಿಯವರು ಬಳ್ಳಿ ಊರಿದ ಇಳಿಜಾರು,
ಮೀನು ಸಾಕಿದ ಕೊಳ, ಈಗ ಬರೀ ಜೊಂಡು,
ಮೌನದ ಊಟದಲ್ಲಿ ಉಪ್ಪು ಬೇಕಾದರೆ
ಯಾವ ಬೆರಳು ಎತ್ತುತ್ತಿದ್ದರು ಎಂದು.
ವೈನಿಗೆ ಯಾವ ಬೆರಳು, ಕೇಳಿ ನೋಡಿ. ನಗುತ್ತಾಳೆ.

ಗಂಟೆ ಮಾತ್ರ ಮಠದ್ದಲ್ಲ. ನಮ್ಮದು.
ಲಿಂಡೆನ್‌ರೋಡದ್ದು.
ಗೋಡೆಯ ಮೇಲೆ ರಸೀದಿ ಇದೆ, ಗಾಜು ಹಾಕಿಸಿದ್ದಾಳೆ:
ಗಂಟೆ ಒಂದು. ನಾನ್ನೂರ ಹನ್ನೆರಡು ಕಿಲೋ. ಬಿರುಕಿಲ್ಲ.
ಕೆಳಗೆ ಗಣಿ ಕಚೇರಿಯ ಮೊಹರು,
ಅದರ ಕೆಳಗೆ ನಮ್ಮಪ್ಪನ ಸಹಿ.

ಊರಡಿಯಲ್ಲಿ ಕಂದು ಕಲ್ಲಿದ್ದಲು ಇತ್ತು,
ಹಾಗಾಗಿ ಊರು ಇರುವಂತಿರಲಿಲ್ಲ.
ಸ್ಮಶಾನವನ್ನೂ ಅಗೆದು ಸಾಗಿಸಿದರು;
ನಮ್ಮಜ್ಜಿ ಎರಡು ಸಲ ಮಣ್ಣಾದಳು.
ಆ ಚಳಿಗಾಲ ಹೊಸ ಫ್ಲ್ಯಾಟಿನ ಒಲೆಯಲ್ಲಿ
ಅಮ್ಮ ಒಂದೊಂದೇ ಇಟ್ಟಿಗೆ ಇದ್ದಲು ಇಡುತ್ತಿದ್ದಳು, ನಿಧಾನಕ್ಕೆ,
ಯಾರ ಹಿತ್ತಲಿನದೋ ಎಂಬಂತೆ.

ಮುಂದೆ ದೇಶ ಒಂದಾಯಿತು, ಗಣಿ ಮುಚ್ಚಿತು,
ಉಳಿದದ್ದು ಒಂದು ಹೊಂಡ, ದಿಗಂತದಷ್ಟು.
ನದಿಯನ್ನು ಕೊಳವೆಯಲ್ಲಿ ಕರೆತಂದರು.
ನನಗೆ ಸಿಕ್ಕ ಕೆಲಸ: ಬೆಳಿಗ್ಗೆ ಏಳಕ್ಕೆ
ಕೋಲು ನೋಡಿ ನೀರಿನ ಮಟ್ಟ ಬರೆಯುವುದು.
ಎಂಟು ವರ್ಷ.
ಮಳೆಗೆ ಮೂರು ಬೆರಳು, ಬಿಸಿಲಿಗೆ ಒಂದು,
ಮಂಜಿನ ದಿನ ಅಂದಾಜು.
ಒಂದು ಏಪ್ರಿಲ್ ಮಂಗಳವಾರ
ಹಳೆಯ ನಕ್ಷೆಯ ಪ್ರಕಾರ ಅಮ್ಮನ ಹೊಸ್ತಿಲಿಗೆ ಬಂತು.
ಹೊಸ್ತಿಲೆಲ್ಲಿ? ಅದು ನಿಂತಿದ್ದ ನೆಲವೇ ಎಂದೋ ಹೋಗಿತ್ತು;
ಬರೀ ಗಾಳಿಯಲ್ಲಿ ತೂಗುತ್ತಿದ್ದ ಅಡುಗೆಮನೆಗೆ
ನೀರು ಮೆಲ್ಲಗೆ ಒಳಬಂತು.
ಪುಸ್ತಕದಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.
ಶೂ ಬಿಚ್ಚಿ ದಡದಲ್ಲಿ ಸ್ವಲ್ಪ ಹೊತ್ತು ನಿಂತೆ,
ಅಷ್ಟೆ. ಮಟ್ಟ ಬರೆದೆ. ಸಹಿ ಹಾಕಿದೆ.

ಅಗೆದ ಮಣ್ಣಿನ ಗುಡ್ಡದ ಮೇಲೀಗ ದ್ರಾಕ್ಷಿ.
ನನ್ನ ಹೆಂಡತಿ ರೊಸ್‌ವಿತಾ, ಆಗ ಇದ್ದಲಿನ ಬೆಲ್ಟು ನಡೆಸಿದವಳು,
ಈಗ ಅಲ್ಲೇ ಕತ್ತರಿ ಹಿಡಿದು ಗೊನೆ ಇಳಿಸುತ್ತಾಳೆ.
ಆ ವೈನಿನಲ್ಲಿ ಹೊಗೆಯ ಒಗರಿದೆ ಅನ್ನುತ್ತಾರೆ ಬಂದವರು.
ಕಥೆ ಕೇಳಿದ ನಾಲಗೆಯ ಮಾತು ಅದು.
ನಮಗೆ ಬರೀ ಹುಳಿ.

ಬೇರೆ ಸರೋವರಗಳಲ್ಲಿ ಮುಳುಗಿದ ಗಂಟೆ
ನೀರಡಿಯಿಂದ ಕೇಳಿಸುತ್ತದಂತೆ.
ಇಲ್ಲಿ ಮೇಲಿಂದ.
ಪೇಟೆಯ ಗಡಿಯಾರ ಆರು ಹೊಡೆಯಲಿ,
ನೀವು ಆಗ ನೀರಿಗಿಳಿಯಿರಿ.
ಐದು ನಿಮಿಷ ಏನೂ ಇಲ್ಲ, ಬಾತುಕೋಳಿ, ತಣ್ಣಗೆ, ನೀವು.
ಆಮೇಲೆ ಗುಡ್‌ರುನ್ ಹಗ್ಗ ಎಳೆಯುತ್ತಾಳೆ.

ಕೋಲು ಈಗಲೂ ಅಲ್ಲೇ ಇದೆ. ಯಂತ್ರ ಓದುತ್ತದೆ.
ಒಮ್ಮೊಮ್ಮೆ ನಾನೂ ಹೋಗುತ್ತೇನೆ, ತಾಳೆ ನೋಡಲು.

ನಿಮ್ಮ ಹಿಂದಿನ ಗಾಲಿಯಲ್ಲಿ ಗಾಳಿ ಕಡಿಮೆ.
ತಡೆಯಿರಿ, ಪಂಪು ತರುತ್ತೇನೆ.